0.05 ಕೆಲ್ವಿನ್‌ಗಾಗಿ ನಲವತ್ತು ವರ್ಷ

ಕ್ರಯೋಜೆನಿಕ್ ಎಂಬ ಪದ ಕಿವಿಗೆ ಬಿದ್ದರೆ ನಮಗೆ ಮೊದಲು ನೆನಪಾಗುವುದು ರಾಕೆಟ್ ಎಂಜಿನ್. ಅಲ್ಲಿ ದ್ರವ ಹೈಡ್ರೋಜನ್ನನ್ನು 20 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳುವುದು ಉರಿಸುವುದಕ್ಕಾಗಿ. ಕೆಲವೇ ನಿಮಿಷಗಳಲ್ಲಿ ಅದು ಬೆಂಕಿಯಾಗಿ ಮುಗಿದುಹೋಗುತ್ತದೆ. ಅದೇ ಹೆಸರಿನ ಇನ್ನೊಂದು ವಿದ್ಯೆ ಇದೆ, ಅದರ ಸುದ್ದಿ ಕಡಿಮೆ. ಅಲ್ಲಿ ಚಳಿಯೇ ಗುರಿ. ಉಪಗ್ರಹದೊಳಗೆ ಕ್ಷ-ಕಿರಣ ಅಳೆಯುವ ಅರ್ಧ ಸೆಂಟಿಮೀಟರ್ ಅಗಲದ ಒಂದು ಡಿಟೆಕ್ಟರನ್ನು ನಿರಪೇಕ್ಷ ಶೂನ್ಯಕ್ಕಿಂತ (ಅದಕ್ಕೂ ಕೆಳಗಿನ ತಾಪಮಾನವೇ ಇಲ್ಲ) ಒಂದು ಡಿಗ್ರಿಯ ಇಪ್ಪತ್ತನೇ ಒಂದು ಪಾಲಿನಷ್ಟು ಮಾತ್ರ ಮೇಲೆ, 0.05 ಕೆಲ್ವಿನ್‌ನಲ್ಲಿ, ವರ್ಷಗಟ್ಟಲೆ ಹಿಡಿದಿಡಬೇಕು. ಇಡೀ ವಿಶ್ವದ ಹಿನ್ನೆಲೆ ತಾಪಮಾನವೇ 2.7 ಕೆಲ್ವಿನ್. ಅದಕ್ಕಿಂತ 50 ಪಟ್ಟು ಕೆಳಗಿನ ಚಳಿ ಇದು.

ಈ ಚಳಿಯನ್ನು ಹುಟ್ಟಿಸುವುದು ಹೇಗೆ, ಕಾಪಾಡುವುದು ಹೇಗೆ ಎಂದು ತಿಳಿಯಲು ನನಗೆ ಕಂಡ ಅತ್ಯಂತ ಒಳ್ಳೆಯ ದಾರಿ, ಅದಕ್ಕಾಗಿ ಬದುಕನ್ನೇ ಮುಡಿಪಿಟ್ಟ ಒಂದು ಗುಂಪಿನ ಕೆಲಸದ ಬೆನ್ನು ಹಿಡಿಯುವುದು. ನಾಸಾದ ಗಾಡರ್ಡ್ ಕೇಂದ್ರದಲ್ಲಿ 1980ರ ದಶಕದಲ್ಲಿ ಶುರುವಾದ ಆ ಕೆಲಸ ಅಂತರಿಕ್ಷದಲ್ಲಿ ನೆಲೆಯಾಗಿ ನಿಂತದ್ದು 2023ರಲ್ಲಿ. ನಡುವೆ ಒಂದು ಯೋಜನೆ ರದ್ದಾಯಿತು, ಒಂದು ಉಪಗ್ರಹ ಕಕ್ಷೆಗೇ ಸೇರಲಿಲ್ಲ, ಇನ್ನೊಂದರಲ್ಲಿ ಹೀಲಿಯಂ ಸೋರಿತು, ಮತ್ತೊಂದು ಕಕ್ಷೆಯಲ್ಲೇ ಒಡೆದುಹೋಯಿತು. ಒಬ್ಬ ವಿಜ್ಞಾನಿಯ ಇಡೀ ವೃತ್ತಿಜೀವನದ ಅವಧಿ ಅದು.

ಒಂದು ಕ್ಷ-ಕಿರಣದ ಬಿಸಿ

1984ರಲ್ಲಿ ಹಾರ್ವೆ ಮೋಸ್ಲಿ, ಜಾನ್ ಮೇದರ್, ಡ್ಯಾನ್ ಮೆಕ್ಯಾಮನ್ ಎಂಬ ಮೂವರು ಒಂದು ಪ್ರಬಂಧ ಪ್ರಕಟಿಸಿದರು. ಅದರ ಮಾತು ಕೇಳಲು ತೀರಾ ಸರಳ: ಕ್ಷ-ಕಿರಣದ ಒಂದೊಂದು ಫೋಟಾನ್, ಅಂದರೆ ಬೆಳಕಿನ ಕಣ, ಎಷ್ಟು ಶಕ್ತಿ ಹೊತ್ತಿದೆ ಎಂದು ಅಳೆಯಬೇಕಾದರೆ, ಅದು ಬಿದ್ದ ಜಾಗ ಎಷ್ಟು ಬಿಸಿಯಾಯಿತು ಎಂದು ನೋಡಿದರೆ ಸಾಕು. ಥರ್ಮಾಮೀಟರ್ ಇಟ್ಟು ಬೆಳಕನ್ನು ಅಳೆಯುವುದು. ಈ ಸಾಧನದ ಹೆಸರು ಮೈಕ್ರೋಕ್ಯಾಲೊರಿಮೀಟರ್.

ಇದಕ್ಕೊಬ್ಬ ಪೂರ್ವಜ ಇದ್ದ. 1961ರಲ್ಲಿ ಫ್ರಾಂಕ್ ಲೋ ಎಂಬ ವಿಜ್ಞಾನಿ ಜರ್ಮೇನಿಯಂ ಚೂರೊಂದನ್ನು ದ್ರವ ಹೀಲಿಯಂನಲ್ಲಿ ತಣಿಸಿ, ಇನ್ಫ್ರಾರೆಡ್ ಬೆಳಕು ಬಿದ್ದಾಗ ಅದರಲ್ಲಾಗುವ ಬಿಸಿಯನ್ನು ಅಳೆದಿದ್ದ. ಇನ್ಫ್ರಾರೆಡ್ ಖಗೋಳಶಾಸ್ತ್ರ ಬೆಳೆದದ್ದೇ ಆ ಬೋಲೋಮೀಟರ್‌ನಿಂದ. ಬೋಲೋಮೀಟರ್ ಅಳೆಯುವುದು ಸತತವಾಗಿ ಬೀಳುವ ಬೆಳಕಿನ ಒಟ್ಟು ಬಿಸಿಯನ್ನು. ಒಂದೊಂದೇ ಫೋಟಾನ್‌ನ ಬಿಸಿಯನ್ನು ಬಿಡಿಬಿಡಿಯಾಗಿ ಅಳೆಯುವುದು ಬೇರೆಯದೇ ಮಟ್ಟದ ಸಾಹಸ.

ಎಷ್ಟು ಸಣ್ಣ ಬಿಸಿ ಅದು? ಕಬ್ಬಿಣದ ಪರಮಾಣು ಸೂಸುವ ಕ್ಷ-ಕಿರಣದ ಶಕ್ತಿ ಸುಮಾರು 6,500 ಎಲೆಕ್ಟ್ರಾನ್ ವೋಲ್ಟ್. ಜೂಲ್ ಲೆಕ್ಕಕ್ಕೆ ಇಳಿಸಿದರೆ ದಶಮಾಂಶ ಬಿಂದುವಿನ ಮುಂದೆ 14 ಸೊನ್ನೆ ಬರೆದು ಆಮೇಲೆ 1 ಬರೆಯಬೇಕು. ಒಂದು ಸೊಳ್ಳೆ ಒಂದೇ ಒಂದು ಮಿಲಿಮೀಟರ್ ಮೇಲೇರಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಎರಡು ಕೋಟಿಯಲ್ಲೊಂದು ಪಾಲು. ಇಷ್ಟು ಶಕ್ತಿ ಬಿದ್ದಾಗ ಒಂದು ವಸ್ತುವಿನ ತಾಪಮಾನ ಕಾಣುವಷ್ಟು ಏರಬೇಕೆಂದರೆ ಆ ವಸ್ತುವಿಗೆ ಬಿಸಿ ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯವೇ ಇರಬಾರದು. ತುಂಬಿದ ಕೆರೆಗೆ ಒಂದು ಚೊಂಬು ನೀರು ಸುರಿದರೆ ಮಟ್ಟ ಏರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅದೇ ಚೊಂಬಿನ ನೀರನ್ನು ಒಂದು ಕೊಳವೆಗೆ ಸುರಿದರೆ ಗೇಣುದ್ದ ಏರುತ್ತದೆ. ಡಿಟೆಕ್ಟರನ್ನು ಕೆರೆಯಿಂದ ಕೊಳವೆಯಾಗಿಸುವುದು ಚಳಿಯ ಕೆಲಸ.

ಸಿಲಿಕಾನ್‌ನಂಥ ಹರಳುಗಳಲ್ಲಿ ತಾಪಮಾನ ಇಳಿದಂತೆ ಬಿಸಿ ಹಿಡಿಯುವ ಸಾಮರ್ಥ್ಯ ಅದರ ಘನದ ಲೆಕ್ಕದಲ್ಲಿ ಕುಸಿಯುತ್ತದೆ. ದ್ರವ ಹೀಲಿಯಂನ 4 ಕೆಲ್ವಿನ್‌ನಿಂದ 0.05 ಕೆಲ್ವಿನ್‌ಗೆ ಇಳಿದರೆ ತಾಪಮಾನ 80 ಪಟ್ಟು ತಗ್ಗಿತು, ಸಾಮರ್ಥ್ಯ 80ರ ಘನದಷ್ಟು, ಅಂದರೆ 5,12,000 ಪಟ್ಟು ತಗ್ಗಿತು. ಜೊತೆಗೆ ಬಿಸಿಯ ಸಹಜ ಏರಿಳಿತದ ಗದ್ದಲವೂ ಅಡಗುತ್ತದೆ. ಈಗ ಒಂದು ಫೋಟಾನ್ ಬಿದ್ದರೆ ಡಿಟೆಕ್ಟರ್‌ನ ತಾಪಮಾನ ಒಂದು ಕ್ಷಣ ಜಿಗಿದು ಮತ್ತೆ ಇಳಿಯುತ್ತದೆ. ಜಿಗಿತದ ಎತ್ತರವೇ ಆ ಫೋಟಾನ್‌ನ ಶಕ್ತಿ.

ಇಷ್ಟೆಲ್ಲ ಕಷ್ಟಪಟ್ಟರೆ ಸಿಗುವುದೇನು? ಕ್ಷ-ಕಿರಣ ದೂರದರ್ಶಕಗಳಲ್ಲಿ ಬಳಸುವ ಸಾಮಾನ್ಯ ಸಿಸಿಡಿ ಡಿಟೆಕ್ಟರ್‌ಗೆ ಕಬ್ಬಿಣದ ಕಿರಣದ ಶಕ್ತಿಯಲ್ಲಿ ಸುಮಾರು 130 ಎಲೆಕ್ಟ್ರಾನ್ ವೋಲ್ಟಿಗಿಂತ ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಮೈಕ್ರೋಕ್ಯಾಲೊರಿಮೀಟರ್‌ಗೆ 5 ಕಾಣುತ್ತದೆ. ಮಸುಕಾದ ಒಂದು ಗುಡ್ಡದಂತೆ ತೋರುತ್ತಿದ್ದ ರೋಹಿತ (ಶಕ್ತಿಯ ಪ್ರಕಾರ ಬಿಡಿಸಿಟ್ಟ ಬೆಳಕು) ಒಡೆದು ಬಿಡಿಬಿಡಿ ರೇಖೆಗಳಾಗಿ ನಿಲ್ಲುತ್ತದೆ. ಒಂದೊಂದು ರೇಖೆಯೂ ಒಂದೊಂದು ಧಾತುವಿನ ಸಹಿ. ರೇಖೆ ಎಷ್ಟು ಅಗಲವಾಗಿದೆ ಎಂಬುದು ಆ ಅನಿಲ ಎಷ್ಟು ಕಲಕುತ್ತಿದೆ ಎಂಬುದರ ಲೆಕ್ಕ.

ಅಂತರಿಕ್ಷ ತಣ್ಣಗಿಲ್ಲವೆ?

ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಕಿಟಕಿ ತೆರೆದರೆ ಸಾಕಲ್ಲವೆ?

ಸಾಲದು. ಭೂಮಿಯ ಸುತ್ತ ಹಾರುವ ಉಪಗ್ರಹದ ಪ್ರತಿ ಚದರ ಮೀಟರ್ ಮೇಲೆ ಸೂರ್ಯ ಸುಮಾರು 1,360 ವ್ಯಾಟ್ ಸುರಿಯುತ್ತಾನೆ. ಕೆಳಗಿನಿಂದ ಭೂಮಿಯ ಬಿಸಿಯೂ ಬಡಿಯುತ್ತದೆ. ಉಪಗ್ರಹದ ಒಳಗಿನ ಎಲೆಕ್ಟ್ರಾನಿಕ್ಸ್ ಬೇರೆ. ಒಳಗೆ ಬಂದ ಬಿಸಿಗೆ ಹೊರಹೋಗಲು ಇರುವುದು ಒಂದೇ ದಾರಿ, ವಿಕಿರಣ. ಗಾಳಿ ಇಲ್ಲ, ನೀರು ಇಲ್ಲ. ಆ ದಾರಿಯೋ, ತಣ್ಣಗಾದಷ್ಟೂ ಮುಚ್ಚಿಕೊಳ್ಳುತ್ತದೆ. 300 ಕೆಲ್ವಿನ್‌ನಲ್ಲಿರುವ ಒಂದು ಚದರ ಮೀಟರ್ ಕಪ್ಪು ಫಲಕ ಸುಮಾರು 460 ವ್ಯಾಟ್ ಹೊರಹಾಕುತ್ತದೆ. ಅದೇ ಫಲಕ 30 ಕೆಲ್ವಿನ್‌ಗೆ ಇಳಿದರೆ 46 ಮಿಲಿವ್ಯಾಟ್. 3 ಕೆಲ್ವಿನ್‌ನಲ್ಲಿ ಒಂದು ವ್ಯಾಟಿನ ಲಕ್ಷದಲ್ಲೊಂದು ಪಾಲೂ ಇಲ್ಲ. ಹಾಗಾಗಿ ರೇಡಿಯೇಟರ್ ಫಲಕಗಳಿಂದ ನೂರು ಕೆಲ್ವಿನ್ ಆಸುಪಾಸಿಗೆ, ಭೂಮಿಯಿಂದ ದೂರ ಹೋಗಿ ಸೂರ್ಯನಿಗೆ ದೊಡ್ಡ ಕೊಡೆ ಹಿಡಿದರೆ 40 ಕೆಲ್ವಿನ್ ಆಸುಪಾಸಿಗೆ ಇಳಿಯಬಹುದು. ಜೇಮ್ಸ್ ವೆಬ್ ದೂರದರ್ಶಕ ಐದು ಪದರದ ಕೊಡೆಯ ನೆರಳಲ್ಲಿ ಮಾಡುತ್ತಿರುವುದು ಇದನ್ನೇ. ಅಲ್ಲಿಂದ ಕೆಳಗೆ ನಿಸರ್ಗ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ವೆಬ್‌ನ ಮಿರಿ ಉಪಕರಣಕ್ಕೂ 7 ಕೆಲ್ವಿನ್‌ಗಿಂತ ಕೆಳಗಿಳಿಯಲು ಯಂತ್ರದ ಕೂಲರ್ ಬೇಕಾಯಿತು.

ಆದ್ದರಿಂದ 0.05 ಕೆಲ್ವಿನ್ ತಲುಪುವುದೆಂದರೆ ಒಂದೇ ಜಿಗಿತವಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಪ್ರತಿ ಮೆಟ್ಟಿಲೂ ತನ್ನ ಕೆಳಗಿನದರ ಬಿಸಿಯನ್ನು ಮೇಲಕ್ಕೆ ದಾಟಿಸುತ್ತದೆ, ಮೇಲಿನ ಬಿಸಿ ಕೆಳಗಿಳಿಯದಂತೆ ತಡೆಯುತ್ತದೆ.

ಮೂವತ್ತು ಲೀಟರಿನ ಲೆಕ್ಕ

1.2 ಕೆಲ್ವಿನ್ ಸುಮಾರಿನ ಮೆಟ್ಟಿಲಿನಲ್ಲಿ ಇರುವುದು ದ್ರವ ಹೀಲಿಯಂ. ಅದನ್ನು ಮೊದಲು ದ್ರವವಾಗಿಸಿದ್ದು 1908ರ ಜುಲೈ 10ರಂದು, ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್. ಮಾಮೂಲಿ ಒತ್ತಡದಲ್ಲಿ ಅದು ಕುದಿಯುವುದು 4.2 ಕೆಲ್ವಿನ್‌ನಲ್ಲಿ. ಮೇಲಿನ ಆವಿಯನ್ನು ಪಂಪಿನಿಂದ ಎಳೆಯುತ್ತ ಹೋದರೆ ಇನ್ನೂ ತಣ್ಣಗಾಗುತ್ತದೆ. ಗಾಜಿನ ಪಾತ್ರೆಯಲ್ಲಿ ಇದನ್ನು ಮಾಡಿದರೆ ಕಣ್ಣಾರೆ ನೋಡಬಹುದಾದ ಒಂದು ಗಳಿಗೆ ಬರುತ್ತದೆ. ಕೊತಕೊತ ಕುದಿಯುತ್ತ, ಗುಳ್ಳೆಗಳಿಂದ ಕಲಕಿಹೋಗಿದ್ದ ದ್ರವ 2.17 ಕೆಲ್ವಿನ್ ಮುಟ್ಟಿದ ಕೂಡಲೇ ಒಮ್ಮೆಗೇ ಸ್ತಬ್ಧವಾಗುತ್ತದೆ. ಒಂದು ಗುಳ್ಳೆಯೂ ಇಲ್ಲ, ಗಾಜಿನಷ್ಟು ತಿಳಿ. ಕುದಿಯುವುದು ನಿಂತಿಲ್ಲ, ಬಿಸಿ ಅದರೊಳಗೆ ಎಷ್ಟು ಸರಾಗವಾಗಿ ಹರಿಯುತ್ತದೆಂದರೆ ಗುಳ್ಳೆ ಹುಟ್ಟಲು ಬೇಕಾದ ಬಿಸಿಯ ಜಾಗವೇ ಎಲ್ಲೂ ಉಳಿಯುವುದಿಲ್ಲ. ಮೇಲ್ಮೈಯಿಂದ ಮಾತ್ರ ಆವಿ ಏಳುತ್ತದೆ. ಇದು ಸೂಪರ್‌ಫ್ಲೂಯಿಡ್ ಸ್ಥಿತಿ.

ಅಂತರಿಕ್ಷದಲ್ಲಿ ಈ ದ್ರವವನ್ನು ಹಿಡಿದಿಡುವುದು ಹೇಗೆ? ಅಲ್ಲಿ ಮೇಲು ಕೆಳಗು ಇಲ್ಲ. ಆವಿಯನ್ನು ಹೊರಬಿಡಲು ಒಂದು ತೂತು ಬೇಕು, ಆದರೆ ಆ ತೂತಿನ ಬಾಯಿಗೆ ದ್ರವವೇ ಬಂದು ಕೂರಬಹುದು. ಸೂಪರ್‌ಫ್ಲೂಯಿಡ್‌ಗೋ ಜಾರಿಹೋಗಲು ಕೂದಲೆಳೆಯಷ್ಟು ಸಂದಿಯೂ ಬೇಡ. ಇದಕ್ಕೆ ಸೆಲ್ಜರ್, ಫೇರ್‌ಬ್ಯಾಂಕ್, ಎವರಿಟ್ ಎಂಬ ಮೂವರು 1970ರ ದಶಕದ ಆರಂಭದಲ್ಲಿ ಕೊಟ್ಟ ಉತ್ತರ ನನಗೆ ಈ ಇಡೀ ವಿದ್ಯೆಯಲ್ಲೇ ಅತ್ಯಂತ ಇಷ್ಟವಾದದ್ದು: ತೂತಿಗೆ ಸೂಕ್ಷ್ಮ ರಂಧ್ರಗಳ ಬಿರಡೆ ಹಾಕಿ. ಬಿರಡೆಯ ಹೊರಮುಖದಲ್ಲಿ ದ್ರವ ಆವಿಯಾಗುತ್ತದೆ, ಹಾಗಾಗಿ ಆ ಮುಖ ಒಳಮುಖಕ್ಕಿಂತ ತಣ್ಣಗಾಗುತ್ತದೆ. ಸೂಪರ್‌ಫ್ಲೂಯಿಡ್‌ನ ಸ್ವಭಾವವೇ ಬಿಸಿ ಇರುವ ಕಡೆಗೆ ಹರಿಯುವುದು. ಆದ್ದರಿಂದ ಅದು ಹೊರಗೆ ಸೋರದೆ ಒಳಕ್ಕೇ ಎಳೆಯಲ್ಪಡುತ್ತದೆ. ಆವಿ ಮಾತ್ರ ಹೊರಗೆ. ಚಲಿಸುವ ಭಾಗ ಒಂದೂ ಇಲ್ಲ, ವಿದ್ಯುತ್ ಬೇಡ, ಆಜ್ಞೆ ಕೊಡಬೇಕಿಲ್ಲ. 1983ರಲ್ಲಿ ಹಾರಿದ ಐರಾಸ್ ಇನ್ಫ್ರಾರೆಡ್ ಉಪಗ್ರಹ ಹತ್ತು ತಿಂಗಳು ಆಕಾಶ ಜಾಲಾಡಿದ್ದು ಇಂಥ ಬಿರಡೆಯ ಭರವಸೆಯ ಮೇಲೆ. 1989ರ ಕೋಬೆ ಕೂಡ. ವಿಶ್ವದ ಹಿನ್ನೆಲೆ ವಿಕಿರಣದ ರೋಹಿತವನ್ನು ಅಳೆದ ಆ ಉಪಗ್ರಹಕ್ಕಾಗಿ 2006ರಲ್ಲಿ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರು, 1984ರ ಆ ಪ್ರಬಂಧದ ಜಾನ್ ಮೇದರ್ ಅವರೇ.

ಈಗ ಒಂದು ಲೆಕ್ಕ ಮಾಡೋಣ. ಮೂವತ್ತು ಲೀಟರ್ ಸೂಪರ್‌ಫ್ಲೂಯಿಡ್ ಹೀಲಿಯಂ ಇದೆ ಎಂದುಕೊಳ್ಳಿ. ಅದರ ತೂಕ ನಾಲ್ಕು ಕಿಲೋಗಿಂತ ತುಸು ಹೆಚ್ಚು, ಅಷ್ಟು ಹಗುರ ದ್ರವ. ಅದೆಲ್ಲ ಆವಿಯಾಗಿ ಹೋಗಲು ಬೇಕಾದ ಬಿಸಿ ಸುಮಾರು ಒಂದು ಲಕ್ಷ ಜೂಲ್. ಹೊರಗಿನಿಂದ ಒಂದು ವ್ಯಾಟ್ ಬಿಸಿ ಒಳಗೆ ಸೋರಿದರೆ ಒಂದು ದಿನದ ಆಸುಪಾಸಿನಲ್ಲಿ ಪಾತ್ರೆ ಖಾಲಿ. ಅದು ಮೂರು ವರ್ಷ ಬಾಳಬೇಕಾದರೆ ಸೋರುವ ಬಿಸಿ ಒಂದು ಮಿಲಿವ್ಯಾಟ್ ದಾಟಬಾರದು. ಉಪಕರಣದ ಮುಂಭಾಗದಲ್ಲಿ ಮಿಣುಕುವ ಪುಟ್ಟ ಸೂಚಕ ದೀಪವೂ ಅದರ ಹತ್ತಾರು ಪಟ್ಟು ತಿನ್ನುತ್ತದೆ.

ಬಾಹ್ಯಾಕಾಶ ಕ್ರಯೋಜೆನಿಕ್ಸ್‌ನಲ್ಲಿ ಕೆಲಸ ಮಾಡುವವರ ದಿನಚರಿ ಈ ಒಂದು ಮಿಲಿವ್ಯಾಟಿನ ಸುತ್ತಲೇ ತಿರುಗುತ್ತದೆ. ಒಳಗಿನ ತಣ್ಣನೆಯ ಭಾಗವನ್ನು ಹೊರಗಿನ ಚೌಕಟ್ಟಿಗೆ ಹಿಡಿದಿಡಲು ಏನಾದರೂ ಬೇಕೇ ಬೇಕು, ಮತ್ತು ಅದು ರಾಕೆಟ್ಟಿನ ಕುಲುಕಾಟ ತಡೆಯುವಷ್ಟು ಗಟ್ಟಿಯಾಗಿರಬೇಕು. ಗಟ್ಟಿಯಾದ ಲೋಹ ಬಿಸಿಯನ್ನೂ ಒಯ್ಯುತ್ತದೆ. ಅದಕ್ಕಾಗಿ ಡಿಟೆಕ್ಟರನ್ನು ಕೆವ್ಲಾರ್ ದಾರಗಳಲ್ಲಿ ತೂಗುಹಾಕುತ್ತಾರೆ, ವೀಣೆಯ ತಂತಿಯಂತೆ ಬಿಗಿಹಿಡಿದು. ಗುಂಡು ತಡೆಯುವ ಕವಚಕ್ಕೆ ಬಳಸುವ ಅದೇ ಎಳೆ. ಅದಕ್ಕೊಂದು ವಿಚಿತ್ರ ಗುಣವಿದೆ: ಬಹುಪಾಲು ವಸ್ತುಗಳು ತಣ್ಣಗಾದಾಗ ಕುಗ್ಗಿದರೆ ಕೆವ್ಲಾರ್ ದಾರ ಉದ್ದವಾಗುತ್ತದೆ. ಬಿಗಿಹಿಡಿದು ಬಿಟ್ಟರೆ ದಿನ ಕಳೆದಂತೆ ತಾನೇ ಸ್ವಲ್ಪ ಸಡಿಲಗೊಳ್ಳುತ್ತದೆ ಕೂಡ. ಅದಕ್ಕೆಂದೇ ಸ್ಪ್ರಿಂಗ್ ಇಟ್ಟು ಬಿಗಿ ಕಾಪಾಡಬೇಕು. ಈ ದಾರಗಳನ್ನು ಕಟ್ಟುವುದು ಕೈಕೆಲಸ. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಸುದ್ದಿ ಓದುವ ಉಪಕರಣ ಕೊನೆಗೆ ನೇತಾಡುವುದು ಯಾರೋ ಕೈಯಾರೆ ಬಿಗಿದ ಕೆಲವು ದಾರಗಳ ಮೇಲೆ.

ಲವಣ, ಕಾಂತ

ಹೀಲಿಯಂ 1.2 ಕೆಲ್ವಿನ್‌ವರೆಗೆ ತಂದು ಬಿಡುತ್ತದೆ. ಅಲ್ಲಿಂದ 0.05ಕ್ಕೆ ಇಳಿಸುವುದು ಒಂದು ಲವಣ, ಪಟಿಕದ ಜಾತಿಗೇ ಸೇರಿದ್ದು. ಈ ಉಪಾಯವನ್ನು 1926ರಲ್ಲಿ ಪೀಟರ್ ಡಿಬೈ ಮತ್ತು ವಿಲಿಯಂ ಜಿಯೋಕ್ ಬೇರೆಬೇರೆಯಾಗಿ ಸೂಚಿಸಿದರು. ಜಿಯೋಕ್ 1933ರಲ್ಲಿ ಮಾಡಿ ತೋರಿಸಿದರು, 1949ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಲವಣದೊಳಗಿನ ಕ್ರೋಮಿಯಂ ಅಥವಾ ಕಬ್ಬಿಣದ ಒಂದೊಂದು ಪರಮಾಣುವೂ ಪುಟ್ಟ ದಿಕ್ಸೂಚಿ ಮುಳ್ಳಿನಂತೆ. ಸುಮ್ಮನೆ ಬಿಟ್ಟರೆ ಒಂದೊಂದು ಒಂದೊಂದು ಕಡೆ ಮುಖ ಮಾಡಿಕೊಂಡಿರುತ್ತವೆ. ಬಲವಾದ ಕಾಂತಕ್ಷೇತ್ರ ಹೊರಿಸಿದರೆ ಎಲ್ಲವೂ ಕವಾಯತಿನಲ್ಲಿ ನಿಂತಂತೆ ಒಂದೇ ದಿಕ್ಕಿಗೆ ತಿರುಗುತ್ತವೆ. ಹೀಗೆ ಸಾಲು ಕಟ್ಟುವಾಗ ಬಿಸಿ ಹೊರಬೀಳುತ್ತದೆ. ಅದನ್ನು ಪಕ್ಕದ ಹೀಲಿಯಂಗೆ ದಾಟಿಸಿ, ನಡುವಿನ ಸಂಪರ್ಕ ಕಡಿದುಬಿಡಬೇಕು. ಈಗ ಲವಣ ಒಂಟಿ. ಕಾಂತಕ್ಷೇತ್ರವನ್ನು ಮೆಲ್ಲಗೆ ಇಳಿಸುತ್ತ ಬಂದರೆ ಪರಮಾಣುಗಳು ಮತ್ತೆ ಚದುರಲು ನೋಡುತ್ತವೆ. ಚದುರಲು ಶಕ್ತಿ ಬೇಕು, ಹೊರಗಿನಿಂದ ಬರುವ ದಾರಿ ಮುಚ್ಚಿದೆ. ಹರಳಿನ ಒಳಗೇ ಉಳಿದಿದ್ದ ಅಷ್ಟಿಷ್ಟು ಬಿಸಿಯನ್ನು ಹೀರಿಕೊಂಡು ಚದುರುತ್ತವೆ, ಹರಳು ತಣ್ಣಗಾಗುತ್ತದೆ.

ಸಂಪರ್ಕ ಕಡಿಯುವ ಸ್ವಿಚ್ ಕೂಡ ಚೆಂದದ ವಸ್ತು. ಒಂದನ್ನೊಂದು ಮುಟ್ಟದ ಎರಡು ಲೋಹದ ಮೈಗಳ ನಡುವೆ ಒಂದಿಷ್ಟು ಹೀಲಿಯಂ ಅನಿಲ. ಅನಿಲ ಇದ್ದರೆ ಬಿಸಿ ದಾಟುತ್ತದೆ. ಪಕ್ಕದಲ್ಲಿ ಒಂದು ಚೂರು ಇದ್ದಿಲು ಇರುತ್ತದೆ. ಅದನ್ನು ತಣ್ಣಗಾಗಲು ಬಿಟ್ಟರೆ ಅನಿಲವನ್ನೆಲ್ಲ ಹೀರಿಕೊಳ್ಳುತ್ತದೆ, ನಡುವೆ ನಿರ್ವಾತ ಉಳಿಯುತ್ತದೆ, ಸ್ವಿಚ್ ಆಫ್. ಇದ್ದಿಲನ್ನು ತುಸು ಬೆಚ್ಚಗಾಗಿಸಿದರೆ ಮತ್ತೆ ಆನ್.

ಲವಣದ ತಣಿಸುವ ಶಕ್ತಿ ಸುಮಾರು ಒಂದೂವರೆ ದಿನ ಬರುತ್ತದೆ. ಅಷ್ಟರಲ್ಲಿ ಕಾಂತಕ್ಷೇತ್ರ ಸೊನ್ನೆಯ ಹತ್ತಿರ ಬಂದಿರುತ್ತದೆ. ಮತ್ತೆ ಕವಾಯತು, ಮತ್ತೆ ಬಿಸಿ ಹೊರಗೆ, ಒಂದು ಗಂಟೆಯೊಳಗೆ ಇನ್ನೊಂದು ಸುತ್ತಿಗೆ ತಯಾರು. ಗಾಡರ್ಡ್‌ನಲ್ಲಿ ಈ ಲವಣದ ಶೈತ್ಯಯಂತ್ರಗಳನ್ನು ದಶಕಗಳ ಕಾಲ ತಿದ್ದಿ ಬೆಳೆಸಿದವರಲ್ಲಿ ಮುಖ್ಯರು ಪೀಟರ್ ಶಿರಾನ್.

ಆಕಾಶಕ್ಕೆ ಹೊರಟ ದಾರಿ

ಮೈಕ್ರೋಕ್ಯಾಲೊರಿಮೀಟರ್ ಮೊದಲು ಹಾರಬೇಕಿದ್ದದ್ದು ನಾಸಾದ ದೊಡ್ಡ ಕ್ಷ-ಕಿರಣ ವೀಕ್ಷಣಾಲಯದಲ್ಲಿ. 1992ರಲ್ಲಿ ಖರ್ಚಿನ ಕಾರಣಕ್ಕೆ ಆ ಯೋಜನೆಯನ್ನು ಎರಡಾಗಿ ಒಡೆದರು. ಒಂದು ಭಾಗ ಮುಂದೆ ಚಂದ್ರಾ ಎಂಬ ಹೆಸರಿನಲ್ಲಿ 1999ರಲ್ಲಿ ಹಾರಿ ಪ್ರಸಿದ್ಧವಾಯಿತು. ಮೈಕ್ರೋಕ್ಯಾಲೊರಿಮೀಟರ್ ಇದ್ದ ಇನ್ನೊಂದು ಭಾಗ ರದ್ದಾಯಿತು. ಈ ನಡುವೆ ಮೆಕ್ಯಾಮನ್ ಅವರ ವಿಸ್ಕಾನ್ಸಿನ್ ಗುಂಪು ಗಾಡರ್ಡ್ ಜೊತೆ ಸೇರಿ ಸಣ್ಣ ರಾಕೆಟ್‌ಗಳಲ್ಲಿ ಇದನ್ನು ಹಾರಿಸಿ, ವಾತಾವರಣದ ಮೇಲೆ ಕೆಲವೇ ನಿಮಿಷ ಆಕಾಶ ನೋಡಿ, ಕೆಳಗಿಳಿಸಿತು. ತಿಂಗಳುಗಟ್ಟಲೆ ಸಿದ್ಧತೆ, ಕೆಲವು ನಿಮಿಷದ ನೋಟ. ಆದರೂ ಅಂತರಿಕ್ಷದಲ್ಲಿ ಇದು ನಡೆಯುತ್ತದೆ ಎಂಬುದು ಅಲ್ಲಿ ಸಾಬೀತಾಯಿತು.

ನೆಲೆ ಸಿಕ್ಕಿದ್ದು ಜಪಾನಿನ ಆಸ್ಟ್ರೋ-ಇ ಉಪಗ್ರಹದಲ್ಲಿ. 2000ದ ಫೆಬ್ರವರಿ 10ರಂದು ಹಾರಿದ ರಾಕೆಟ್ಟಿನ ಮೊದಲ ಹಂತದಲ್ಲೇ ದೋಷವಾಗಿ ಉಪಗ್ರಹ ಕಕ್ಷೆ ಸೇರಲಿಲ್ಲ. ಚಳಿಯ ಯಂತ್ರದ ತಪ್ಪು ಅದರಲ್ಲಿ ಏನೂ ಇರಲಿಲ್ಲ.

ಎರಡನೇ ಸಲ ಕಟ್ಟಿದ ಉಪಗ್ರಹ 2005ರ ಜುಲೈ 10ರಂದು ಹಾರಿತು. ಅದಕ್ಕೆ ಸುಜಾಕು ಎಂದು ಹೆಸರಿಟ್ಟರು. ಗಾಡರ್ಡ್‌ನ ರಿಚರ್ಡ್ ಕೆಲ್ಲಿ ಅದರ ಮೈಕ್ರೋಕ್ಯಾಲೊರಿಮೀಟರ್‌ನ ಪ್ರಧಾನ ವಿಜ್ಞಾನಿ. ಹೊರಪಾತ್ರೆಯಲ್ಲಿ 17 ಕೆಲ್ವಿನ್‌ನ ಘನ ನಿಯಾನ್, ಅದರೊಳಗೆ ಸೂಪರ್‌ಫ್ಲೂಯಿಡ್ ಹೀಲಿಯಂ, ಅದರೊಳಗೆ ಲವಣ. ಎಲ್ಲ ಮೆಟ್ಟಿಲೂ ಕೆಲಸ ಮಾಡಿದವು. ಡಿಟೆಕ್ಟರ್ 0.06 ಕೆಲ್ವಿನ್ ಮುಟ್ಟಿತು. ಉಪಕರಣದೊಳಗೇ ಇಟ್ಟಿದ್ದ ವಿಕಿರಣಶೀಲ ಮೂಲದ ಕ್ಷ-ಕಿರಣ ಬಿದ್ದಾಗ 7 ಎಲೆಕ್ಟ್ರಾನ್ ವೋಲ್ಟಿನಷ್ಟು ಸೂಕ್ಷ್ಮವಾಗಿ ಅಳೆದು ತೋರಿಸಿತು. ಕಕ್ಷೆಯಲ್ಲಿ ಅಂಥದ್ದು ಅದೇ ಮೊದಲು.

ಆಗಸ್ಟ್ 8ರಂದು ಹೀಲಿಯಂ ಪೂರಾ ಹೋಯಿತು. ಪಾತ್ರೆಯ ಎರಡು ಗೋಡೆಗಳ ನಡುವೆ ಏನೂ ಇರಬಾರದ ನಿರ್ವಾತದ ಜಾಗಕ್ಕೆ ಅನಿಲ ಸೇರಿಕೊಂಡಿತ್ತು. ಹೊರಗೆ ಹೋಗಬೇಕಿದ್ದ ಆವಿ ಉಪಗ್ರಹದ ಒಡಲಲ್ಲೇ ಉಳಿದು ಮರಳಿ ಆ ಜಾಗಕ್ಕೆ ದಾರಿ ಕಂಡುಕೊಂಡಿತ್ತು. ಅನಿಲ ಇದ್ದಲ್ಲಿ ಬಿಸಿ ದಾಟುತ್ತದೆ. ಸ್ವಿಚ್‌ನಲ್ಲಿ ನಮಗೆ ಉಪಕಾರಿಯಾದ ಅದೇ ನಿಯಮ ಇಲ್ಲಿ ಎರಡು ಗೋಡೆಗಳ ನಡುವೆ ಸೇತುವೆಯಾಯಿತು. ಮಿಲಿವ್ಯಾಟುಗಳ ಲೆಕ್ಕ ಬುಡಮೇಲಾಯಿತು, ವರ್ಷಗಟ್ಟಲೆ ಬಾಳಬೇಕಿದ್ದ ಹೀಲಿಯಂ ಆವಿಯಾಗಿ ಹೋಯಿತು. ಆಕಾಶದ ಒಂದು ವಸ್ತುವನ್ನೂ ಅದು ನೋಡಿರಲಿಲ್ಲ. ಸುಜಾಕುವಿನ ಉಳಿದ ಉಪಕರಣಗಳು ಹತ್ತು ವರ್ಷ ಚೆನ್ನಾಗಿ ದುಡಿದವು. ಆದರೆ ಇಪ್ಪತ್ತು ವರ್ಷ ಈ ಒಂದರ ಹಿಂದೆ ಬಿದ್ದವರಿಗೆ ಆ ವಾರ ಹೇಗಿದ್ದಿರಬಹುದು ಎಂದು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ.

ಸೋತ ಜಾಗದಲ್ಲೇ ಕಟ್ಟಿದ್ದು

ಮುಂದಿನ ಉಪಗ್ರಹ ಹಿತೋಮಿಗೆ ಅದೇ ಗುಂಪು ಜಪಾನಿನ ವಿಜ್ಞಾನಿಗಳ ಜೊತೆ ಮತ್ತೆ ಕೂತಿತು. ಈ ಬಾರಿ ವಿನ್ಯಾಸದ ಮೂಲ ಪ್ರಶ್ನೆಯೇ ಬದಲಾಗಿತ್ತು: ಹೀಲಿಯಂ ಹೋದರೂ ಉಪಕರಣ ಸಾಯಬಾರದು. ಹಾಗಾದರೆ ಹೀಲಿಯಂ ಮೇಲಿನ ಮೆಟ್ಟಿಲುಗಳಲ್ಲಿ ಖರ್ಚಾಗುವ ಘನ ನಿಯಾನ್ ಬದಲು ಖರ್ಚಾಗದ ಯಂತ್ರ ಬೇಕು.

ಯಂತ್ರದ ತತ್ವ ಹಳೆಯದು, 1816ರಲ್ಲಿ ರಾಬರ್ಟ್ ಸ್ಟರ್ಲಿಂಗ್ ಪೇಟೆಂಟ್ ಪಡೆದ ಎಂಜಿನ್ನಿನದು. ಅದನ್ನು ತಿರುಗುಮುರುಗು ಓಡಿಸಿದರೆ ಕೂಲರ್. ಅನಿಲವನ್ನು ಒಂದು ಕಡೆ ಒತ್ತಿ ಬಿಸಿ ಹೊರಹಾಕಿಸಿ, ಇನ್ನೊಂದು ಕಡೆ ಹಿಗ್ಗಲು ಬಿಟ್ಟು ಬಿಸಿ ಹೀರಿಸುವುದು. ಕಷ್ಟ ಇದ್ದದ್ದು ಸವೆತದಲ್ಲಿ. ಪಿಸ್ಟನ್ ವರ್ಷಗಟ್ಟಲೆ ಕೋಟಿಗಟ್ಟಲೆ ಸಲ ಹಿಂದೆ ಮುಂದೆ ಓಡಬೇಕು. ಎಣ್ಣೆ ಹಾಕಿದರೆ ಹೆಪ್ಪುಗಟ್ಟುತ್ತದೆ, ಹಾಕದಿದ್ದರೆ ತಿಕ್ಕಿ ಸವೆಯುತ್ತದೆ. ಆಕ್ಸ್‌ಫರ್ಡ್‌ನಲ್ಲಿ ಗಾರ್ಡನ್ ಡೇವಿ ಮತ್ತು ಸಂಗಡಿಗರು ಸುರುಳಿಯಾಕಾರದಲ್ಲಿ ಕೊರೆದ ತೆಳು ಉಕ್ಕಿನ ತಟ್ಟೆಗಳಿಂದ ಪಿಸ್ಟನ್ನನ್ನು ಎರಡೂ ಬದಿ ಹಿಡಿದರು. ತಟ್ಟೆ ಉದ್ದಕ್ಕೆ ಬಾಗುತ್ತದೆ, ಅಡ್ಡಕ್ಕೆ ಜಗ್ಗುವುದಿಲ್ಲ. ಪಿಸ್ಟನ್ ಸಿಲಿಂಡರ್ ಗೋಡೆಯನ್ನು ಮುಟ್ಟುವುದೇ ಇಲ್ಲ, ಕೂದಲೆಳೆಗಿಂತ ಸಣ್ಣ ಸಂದಿಯಲ್ಲಿ ತೇಲುತ್ತದೆ. ಮುಟ್ಟದಿದ್ದರೆ ಸವೆತವೆಲ್ಲಿ? 1991ರಲ್ಲಿ ವಾತಾವರಣ ಅಧ್ಯಯನದ ಉಪಗ್ರಹವೊಂದರಲ್ಲಿ ಹಾರಿದ ಈ ವಿನ್ಯಾಸದ ವಂಶ ಇವತ್ತು ಹತ್ತಾರು ಉಪಗ್ರಹಗಳಲ್ಲಿದೆ.

ಹಿತೋಮಿಯಲ್ಲಿ ಎರಡು ಹಂತದ ಸ್ಟರ್ಲಿಂಗ್ ಕೂಲರ್‌ಗಳು, ಅವುಗಳ ಕೆಳಗೆ ಹೀಲಿಯಂ ಅನಿಲವನ್ನು ಕಿರುರಂಧ್ರದಲ್ಲಿ ಹಾಯಿಸಿ 4.5 ಕೆಲ್ವಿನ್‌ಗೆ ಇಳಿಸುವ ಜೂಲ್-ಥಾಮ್ಸನ್ ಕೂಲರ್, ಅದರ ಕೆಳಗೆ ದ್ರವ ಹೀಲಿಯಂ, ಕೊನೆಗೆ ಒಂದಲ್ಲ ಮೂರು ಹಂತದ ಲವಣ ಯಂತ್ರ. ಮೂರನೆಯ ಹಂತ ಇರುವುದು ಕೆಟ್ಟ ದಿನಕ್ಕಾಗಿ. ಹೀಲಿಯಂ ಮುಗಿದರೆ ಅದು ಬಿಸಿಯನ್ನು ಎತ್ತಿ ನೇರವಾಗಿ 4.5 ಕೆಲ್ವಿನ್ ಯಂತ್ರಕ್ಕೆ ದಾಟಿಸುತ್ತದೆ. ಹೊಸ ತೊಡಕೂ ಬಂತು: ಯಂತ್ರ ಎಂದ ಮೇಲೆ ಕಂಪನ. ಕೂಲರ್‌ನ ನಡುಕ 0.05 ಕೆಲ್ವಿನ್‌ವರೆಗೆ ಇಳಿದು ಅಲ್ಲಿ ಬಿಸಿಯಾಗುತ್ತಿತ್ತು, ಅಳತೆಯನ್ನು ಕೆಡಿಸುತ್ತಿತ್ತು. ಕೂಲರ್‌ಗೂ ಪಾತ್ರೆಗೂ ನಡುವೆ ಕಂಪನ ತಡೆಯುವ ವ್ಯವಸ್ಥೆ ಸೇರಿಸಿ ಅದನ್ನು ಗೆದ್ದರು.

2016ರ ಫೆಬ್ರವರಿ 17ರಂದು ಹಿತೋಮಿ ಹಾರಿತು. ಚಳಿ ಬಂತು. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ನಡುವಿನ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲದತ್ತ ಮುಖ ಮಾಡಿ, 5 ಎಲೆಕ್ಟ್ರಾನ್ ವೋಲ್ಟ್ ಸೂಕ್ಷ್ಮತೆಯಲ್ಲಿ ಕಬ್ಬಿಣದ ರೇಖೆಗಳನ್ನು ಬಿಡಿಸಿತು. ಆ ಅನಿಲ ಕಲಕುವ ವೇಗ ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ಎಂದು ತಿಳಿದದ್ದು ಆಗಲೇ. ಗುಚ್ಛದ ನಡುವಿನ ಕಪ್ಪುಕುಳಿ ಅಷ್ಟು ಅಬ್ಬರಿಸುತ್ತಿದ್ದರೂ ಅನಿಲ ಎಣಿಸಿದ್ದಕ್ಕಿಂತ ಶಾಂತವಾಗಿತ್ತು. ಆ ವೇಗಕ್ಕೆ ರೇಖೆ ಹರಡುವುದು ಬರೀ 3.7 ಎಲೆಕ್ಟ್ರಾನ್ ವೋಲ್ಟಿನಷ್ಟು. ಸಿಸಿಡಿಯ 130ರಲ್ಲಿ ಅದು ಯಾವತ್ತೂ ಕಾಣುತ್ತಿರಲಿಲ್ಲ.

ಮಾರ್ಚ್ 26ರಂದು ಉಪಗ್ರಹದ ದಿಕ್ಕು ಹಿಡಿಯುವ ವ್ಯವಸ್ಥೆ ತಪ್ಪು ಲೆಕ್ಕ ಹಾಕಿತು. ತಿರುಗುತ್ತಿಲ್ಲದ ಉಪಗ್ರಹ ತಿರುಗುತ್ತಿದೆ ಎಂದು ಭಾವಿಸಿ ಅದನ್ನು ತಡೆಯಲು ಹೋಗಿ ನಿಜಕ್ಕೂ ತಿರುಗಿಸಿತು. ಆಮೇಲೆ ಉರಿದ ಪುಟ್ಟ ರಾಕೆಟ್‌ಗಳಿಗೆ ಕೊಟ್ಟಿದ್ದ ಅಂಕಿಗಳೂ ತಪ್ಪಾಗಿದ್ದು ವೇಗ ಇನ್ನೂ ಹೆಚ್ಚಿತು. ಸೌರಫಲಕಗಳು ಮುರಿದು ಹಾರಿದವು. ಚಳಿಯ ಯಂತ್ರದ ತಪ್ಪು ಇದರಲ್ಲೂ ಇರಲಿಲ್ಲ.

ಎಕ್ಸ್‌ರಿಸಂ ಎಂಬ ಇಂದಿನ ಉಪಗ್ರಹ ಜಪಾನಿನ ತಾನೆಗಾಶಿಮಾದಿಂದ ಹಾರಿದ್ದು 2023ರ ಸೆಪ್ಟೆಂಬರ್ 7ರಂದು. ಅದರಲ್ಲಿರುವ ರಿಸಾಲ್ವ್ ಉಪಕರಣ ಹಿತೋಮಿಯದ್ದರ ಅವಳಿ ಎನ್ನಬಹುದು. 36 ಪಿಕ್ಸೆಲ್, 0.05 ಕೆಲ್ವಿನ್. ಒಂದೇ ಒಂದು ಕೊರತೆ ಉಳಿಯಿತು. ಭೂಮಿಯ ಮೇಲಿದ್ದಾಗ ಪಾತ್ರೆಯೊಳಗಿನ ನಿರ್ವಾತ ಕಾಪಾಡಲು ಡಿಟೆಕ್ಟರ್ ಮುಂದೆ ಒಂದು ಬಾಗಿಲು ಇರುತ್ತದೆ, ಅದರಲ್ಲಿ ಕಾಲು ಮಿಲಿಮೀಟರ್ ದಪ್ಪದ ಬೆರಿಲಿಯಂ ಕಿಟಕಿ. ಕಕ್ಷೆ ಸೇರಿದ ಮೇಲೆ ತೆರೆಯಬೇಕಿದ್ದ ಆ ಬಾಗಿಲು ಪ್ರಯತ್ನಗಳಿಗೆ ಜಗ್ಗಲಿಲ್ಲ. ಕಡಿಮೆ ಶಕ್ತಿಯ ಕ್ಷ-ಕಿರಣಗಳು ಕಿಟಕಿಯಲ್ಲೇ ಇಂಗಿಹೋಗುತ್ತವೆ, ಹೆಚ್ಚು ಶಕ್ತಿಯವು ದಾಟಿ ಬರುತ್ತವೆ. ಕಬ್ಬಿಣದ ರೇಖೆಗಳು ದಾಟಿ ಬರುವ ಗುಂಪಿನವು. ಹಿತೋಮಿ ಪರ್ಸಿಯಸ್ ನೋಡಿದಾಗಲೂ ಬಾಗಿಲು ಇನ್ನೂ ತೆರೆದಿರಲಿಲ್ಲ. 2024ರ ಜನವರಿಯಲ್ಲಿ ಬಿಡುಗಡೆಯಾದ ಮೊದಲ ರೋಹಿತದಲ್ಲಿ, ನೆರೆಯ ಗ್ಯಾಲಕ್ಸಿಯೊಂದರಲ್ಲಿ ಸಿಡಿದ ನಕ್ಷತ್ರದ ಅವಶೇಷದಿಂದ ಬಂದ ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣದ ರೇಖೆಗಳು ಒಂದರ ಪಕ್ಕ ಒಂದು ಸ್ಪಷ್ಟವಾಗಿ ನಿಂತಿದ್ದವು. ಅಳತೆಯ ಸೂಕ್ಷ್ಮತೆ 5 ಎಲೆಕ್ಟ್ರಾನ್ ವೋಲ್ಟಿಗೂ ಕೆಳಗೆ. ಉಪಕರಣಕ್ಕೆ ವಿಧಿಸಿದ್ದ ಗುರಿ 7.

ಆ ಪಾತ್ರೆಯಲ್ಲೂ ಹೀಲಿಯಂ ಇದೆ, ರಂಧ್ರಬಿರಡೆಯ ಹೊರಮುಖದಿಂದ ಮಿಲಿವ್ಯಾಟ್ ಲೆಕ್ಕದಲ್ಲಿ ಆವಿಯಾಗುತ್ತಿದೆ. ಅದು ಮುಗಿಯುವ ದಿನ ಬಂದೇ ಬರುತ್ತದೆ. ಅಂದು ನೆಲದಿಂದ ಒಂದು ಆಜ್ಞೆ ಹೋಗುತ್ತದೆ, ಲವಣದ ಮೂರನೆಯ ಹಂತ ಕೆಲಸಕ್ಕೆ ಇಳಿಯುತ್ತದೆ, ಮತ್ತು 2005ರ ಆಗಸ್ಟಿನಲ್ಲಿ ಸುಜಾಕುವಿನ ಕತೆ ಮುಗಿದ ಜಾಗದಿಂದ ರಿಸಾಲ್ವ್ ಅಳೆಯುತ್ತ ಮುಂದೆ ಹೋಗುತ್ತದೆ.